ಹಡಗೇರುವ ಹಿರಿಯರಿಗೆ ಈಗಿರುವ ಆರೋಗ್ಯ ವಿಮೆ ಸಾಕೇ, ಪ್ರವಾಸ ವಿಮೆ ಬೇಕೇ?

ಮಾಟುಂಗದ ನಮ್ಮ ಮನೆಯಲ್ಲಿ ಈ ಲೆಕ್ಕಾಚಾರ ಎರಡು ವಾರ ನಡೆಯಿತು. ಅಪ್ಪನಿಗೆ 74 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ.

ಮುಂಬಯಿಯಿಂದ ಗೋವಾಕ್ಕೆ ಹೋಗಿಬರುವ ಹಡಗಾದರೆ ಈಗಿರುವ ಆರೋಗ್ಯ ವಿಮೆ ಅರ್ಧ ಆಸರೆ. ದಡಕ್ಕಿಳಿದು ಆಸ್ಪತ್ರೆಗೆ ದಾಖಲಾದರೆ ಅದು ನೆರವಾಗುತ್ತದೆ. ಆದರೆ ಹಡಗಿನ ಚಿಕಿತ್ಸಾಲಯದಲ್ಲಿ ವೈದ್ಯರು ನೋಡಿ ಒಂದು ಡ್ರಿಪ್ ಹಾಕಿದರೆ ಅದರ ಬಿಲ್ಲು ಸಾಮಾನ್ಯವಾಗಿ ಕೋಣೆಯ ಲೆಕ್ಕಕ್ಕೆ ಸೇರುತ್ತದೆ. ಹೆಚ್ಚಿನ ಪಾಲಿಸಿಗಳು 24 ಗಂಟೆಯ ಆಸ್ಪತ್ರೆ ವಾಸ ಕೇಳುವುದರಿಂದ ಆ ಹಣ ನಮ್ಮ ಜೇಬಿನದೇ.

ಸಿಂಗಪುರದಂತಹ ಹೊರದೇಶದ ಬಂದರಿನಿಂದ ಹೊರಡುವುದಾದರೆ ಈಗಿರುವ ಆರೋಗ್ಯ ವಿಮೆಯನ್ನು ನಂಬಿ ಕೂರಬೇಡಿ. ಬಹುತೇಕ ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗಷ್ಟೇ. ಪ್ರವಾಸ ವಿಮೆ ಬೇಕೇ ಬೇಕು. ಹಡಗಿನಲ್ಲಿ ಪ್ರಥಮ ಚಿಕಿತ್ಸೆ, ತುರ್ತು ಆರೈಕೆ ದೊರೆಯುತ್ತವೆ, ದೊಡ್ಡ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ದಡಕ್ಕೆ ಸಾಗಿಸಲೇಬೇಕು. ಹೆಲಿಕಾಪ್ಟರ್ ಬಂದರೆ ಖರ್ಚು ಕುಟುಂಬವನ್ನೇ ನಡುಗಿಸೀತು. ಆದ್ದರಿಂದ ಕಂತಿನ ಮೊತ್ತಕ್ಕಿಂತ ಮೊದಲು ತುರ್ತು ಸಾಗಣೆಯ ಮಿತಿ ನೋಡಿ.

ಇನ್ನೊಂದು ಸಾಲನ್ನು ಬೆರಳಿಟ್ಟು ಓದಿ: ಮೊದಲೇ ಇರುವ ಕಾಯಿಲೆಗಳು. ಕೆಲವು ಯೋಜನೆಗಳು ಪ್ರಾಣಾಪಾಯದಲ್ಲಿ ಮಾತ್ರ, ಅದೂ ಸಣ್ಣ ಮೊತ್ತಕ್ಕೆ, ಅವನ್ನು ಒಪ್ಪುತ್ತವೆ. ಅಗ್ಗದ ಯೋಜನೆಯಲ್ಲಿ ಅಪ್ಪನ ಸಕ್ಕರೆ ಕಾಯಿಲೆಯನ್ನೇ ಹೊರಗಿಟ್ಟಿದ್ದರು. ನಾವು ಕಂತು ಹೆಚ್ಚಾದರೂ ಇನ್ನೊಂದನ್ನು ಆರಿಸಿದೆವು. ಅರ್ಜಿಯಲ್ಲಿ ಎರಡೂ ಕಾಯಿಲೆಗಳನ್ನು ಮುಚ್ಚಿಡದೆ ಬರೆದೆವು. ಮಾತ್ರೆಗಳ ಡಬ್ಬಿ, ವೈದ್ಯರ ಚೀಟಿ, ಪಾಲಿಸಿಯ ಪ್ರತಿ ಮೂರನ್ನೂ ಅಮ್ಮ ತನ್ನ ಕೈಚೀಲದಲ್ಲೇ ಇಟ್ಟುಕೊಂಡರು.