ಮಳೆಯ ಸರ್ಗಕ್ಕೆ ಪ್ರವಚನದ ಕೊಡೆ: ಆಟಿ ತಿಂಗಳ ಒಂದು ವಾಚನ–ಪ್ರವಚನ

ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ (ಜುಲೈ–ಆಗಸ್ಟ್) ಕಾಸರಗೋಡಿನ ಮನೆಗಳಲ್ಲಿ ರಾಮಾಯಣ ಓದಿಸುವುದೆಂದರೆ ಹೆಚ್ಚಾಗಿ ತೊರವೆ ರಾಮಾಯಣದ ಭಾಮಿನಿ ಷಟ್ಪದಿ, ಇಲ್ಲವೇ ಮಲಯಾಳದ ಕಿಳಿಪ್ಪಾಟ್ಟು, ಅಂದರೆ ಗಿಳಿ ಹಾಡಿದಂತೆ ಕಟ್ಟಿದ ರಾಮಾಯಣ ಕಾವ್ಯ. ಬದಿಯಡ್ಕ–ಕುಂಬಳೆ ಕಡೆ ಮನೆಮನೆಗೆ ಬರುವ ಜೋಡಿಯೊಂದು ಅದನ್ನು ಬಿಟ್ಟು ವಾಲ್ಮೀಕಿಯ ಕಿಷ್ಕಿಂಧಾಕಾಂಡದ 28ನೇ ಸರ್ಗವೊಂದನ್ನೇ ಎರಡೂವರೆ ಗಂಟೆ ನಡೆಸುತ್ತದೆ. ಒಬ್ಬರದು ವಾಚನ, ಇನ್ನೊಬ್ಬರದು ಕನ್ನಡದಲ್ಲಿ ಪ್ರವಚನ. ಧೈರ್ಯದ ಆಯ್ಕೆಯೇ ಸರಿ. ವಾಲಿಯ ಕಥೆ ಮುಗಿದಿದೆ, ಸುಗ್ರೀವನಿಗೆ ಪಟ್ಟವಾಗಿದೆ, ಮಾಲ್ಯವಂತ ಬೆಟ್ಟದಲ್ಲಿ ರಾಮ ಮಳೆ ನೋಡುತ್ತಿದ್ದಾನೆ. 60ಕ್ಕೂ ಹೆಚ್ಚು ಶ್ಲೋಕಗಳಲ್ಲಿ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ವೇಷವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ತಾಳಮದ್ದಳೆಯ ವಾದಕ್ಕೆ ಪಳಗಿದ ಕಿವಿಗಳನ್ನು ಅಷ್ಟು ಹೊತ್ತು ಚಾವಡಿಯಲ್ಲಿ ಕೂರಿಸುವುದು ತಮಾಷೆಯಲ್ಲ.

ವಾಚನ ಬಹಳ ಚೆನ್ನಾಗಿದೆ. ‘ವಹಂತಿ ವರ್ಷಂತಿ ನದಂತಿ ಭಾಂತಿ’ ಎಂಬ ಶ್ಲೋಕವನ್ನೇ ನೋಡಿ. ಮೊದಲ ಎರಡು ಪಾದಗಳಲ್ಲಿ ಏಳು ಕ್ರಿಯಾಪದ, ಮುಂದಿನ ಎರಡರಲ್ಲಿ ಅದೇ ಕ್ರಮದಲ್ಲಿ ಏಳು ಕರ್ತೃ. ಹರಿಯುವುದು ನದಿ, ಸುರಿಯುವುದು ಮೋಡ, ಘೀಳಿಡುವುದು ಆನೆ, ಹೊಳೆಯುವುದು ಕಾಡು, ಕೊರಗುವುದು ವಿರಹಿ, ಕುಣಿಯುವುದು ನವಿಲು, ನೆಮ್ಮದಿಗೊಳ್ಳುವುದು ಪ್ಲವಂಗ. ಎರಡನೇ ಪಾದ ಮುಗಿಸಿ ಆಲಾಪಕ್ಕೆ ಹೊರಟರೆ ಕೇಳುವವರಿಗೆ ಜೋಡಣೆ ತಪ್ಪುತ್ತದೆ. ಹಲವರು ಎಡವುವುದು ಇಲ್ಲೇ. ಈ ವಾಚಕರು ನಾಲ್ಕೂ ಪಾದಗಳನ್ನು ಒಂದೇ ಓಟದಲ್ಲಿ ಹೇಳಿ, ಎರಡನೇ ಸಲ ಒಂದೊಂದೇ ಜೋಡಿ ಬಿಡಿಸುತ್ತಾರೆ. ಪ್ಲವಂಗವೆಂದರೆ ಕಪಿಯೂ ಹೌದು, ಕಪ್ಪೆಯೂ ಹೌದು ಎಂದಾಗ ಹೊರಗೆ ತೋಡಿನಲ್ಲಿ ಕಪ್ಪೆ ವಟಗುಟ್ಟುತ್ತಿದ್ದರೆ ಬೇರೆ ವ್ಯಾಖ್ಯಾನ ಬೇಡ.

ತೊಡಕಿರುವುದು ಪ್ರವಚನದಲ್ಲಿ. ಬೆಟ್ಟಗಳನ್ನು ವಾಲ್ಮೀಕಿ ವಟುಗಳಂತೆ ಕಾಣುತ್ತಾನೆ: ಮೋಡವೇ ಕೃಷ್ಣಾಜಿನ, ಜಲಧಾರೆಯೇ ಜನಿವಾರ, ಗುಹೆಗೆ ನುಗ್ಗಿದ ಗಾಳಿಯೇ ವೇದಘೋಷ. ಅಷ್ಟು ಹೇಳಿದರೆ ಸಾಕಿತ್ತು. ಅದಕ್ಕೆ ಇಪ್ಪತ್ತು ನಿಮಿಷ ಉಪನಯನದ ಮಹತ್ವ ಸೇರಿಕೊಳ್ಳುತ್ತದೆ. ಮಿಂಚು ಕಂಡರೆ ಸಂಸಾರ ಕ್ಷಣಿಕ, ನದಿ ಕಂಡರೆ ಜೀವಾತ್ಮ. ಮೂಲದಲ್ಲಿ ಕರಿಮೋಡದ ಮಿಂಚು ರಾಮನಿಗೆ ರಾವಣನ ತೊಡೆಯಲ್ಲಿ ಚಡಪಡಿಸುವ ಸೀತೆಯಂತೆ ಕಾಣುತ್ತದೆ. ನೀತಿಪಾಠದ ಗದ್ದಲದಲ್ಲಿ ಆ ಸೀತೆಯೇ ಮಾಯ. ಮಳೆಗೆ ತತ್ತ್ವ ಬೇಕೆನ್ನುವವರಿಗೆ ಭಾಗವತದ 10ನೇ ಸ್ಕಂಧದ 20ನೇ ಅಧ್ಯಾಯವಿದೆ. ಅಲ್ಲಿ ಮಳೆಯೇಟಿಗೆ ಬೆಟ್ಟ ಅಲುಗದಿರುವುದು ಭಕ್ತನ ಮನಸ್ಸಿನಂತೆ, ಹುಲ್ಲು ಮುಚ್ಚಿದ ದಾರಿ ಓದದೆ ಬಿಟ್ಟ ವೇದದಂತೆ. ಹೋಲಿಕೆ ಕಟ್ಟಿದ್ದು ಆ ಕವಿಯೇ. ಅದನ್ನು ಕಿತ್ತು ಇಲ್ಲಿ ನೆಟ್ಟರೆ ಹಿಡಿಯುವುದಿಲ್ಲ.

ಇನ್ನೂ ದೊಡ್ಡ ಲೋಪ ಕೊನೆಯ ಭಾಗದ್ದು. ‘ನದೀಕೂಲಮಿವ ಕ್ಲಿನ್ನಮವಸೀದಾಮಿ ಲಕ್ಷ್ಮಣ’, ನೆನೆದ ಹೊಳೆದಂಡೆಯಂತೆ ಕುಸಿಯುತ್ತಿದ್ದೇನೆ ಎನ್ನುತ್ತಾನೆ ರಾಮ. ವಾಚಕರು ಅದನ್ನು ಹಾಡುತ್ತಾರೆ, ಪ್ರವಚನಕಾರರು ‘ಇದೆಲ್ಲ ಭಗವಂತನ ಲೀಲೆ’ ಎಂದು ದಾಟಿಬಿಡುತ್ತಾರೆ. ದೇವರು ಕುಸಿದನೆನ್ನಲು ಸಂಕೋಚವಿರಬಹುದು. ಆದರೆ ಮಧುವಾಹಿನಿ ಹೊಳೆಯ ಬೊಳ್ಳ (ನೆರೆ) ಮಧೂರು ದೇವಸ್ಥಾನದ ಅಂಗಳಕ್ಕೆ ನುಗ್ಗುವುದನ್ನು, ತೋಡಿನ ಬದಿ ಅಡಿಕೆಮರದ ಸಮೇತ ಜರಿಯುವುದನ್ನು ಕಂಡ ಭಕ್ತರಿಗೆ ದೇವರು ಹತ್ತಿರವಾಗುವ ಸಾಲು ಇದೇ. ದಂಡೆ ಕುಸಿಯುವುದು ನೀರಿನ ಸೆಳೆತ ಒಂದರಿಂದಲೇ ಅಲ್ಲ, ಒಳಗಿನ ಮಣ್ಣು ನೀರು ಕುಡಿದು ಭಾರವಾಗಿ ಹಿಡಿತ ಬಿಡುವುದರಿಂದ. ‘ಕ್ಲಿನ್ನ’ ಎಂಬ ಪದದಲ್ಲಿ ಅದಷ್ಟೂ ಇದೆ. ಎರಡು ನಿಮಿಷ ಅಲ್ಲಿ ನಿಂತಿದ್ದರೆ ಉಪನಯನದ ಇಪ್ಪತ್ತು ನಿಮಿಷವನ್ನು ಮರೆತುಬಿಡಬಹುದಿತ್ತು.

ಕರೆಸುವವರಿಗೆ: ಶೀಟಿನ ಛಾವಣಿಯಾದರೆ ಮೈಕ್ ಬೇಕೇ ಬೇಕು, ಮಳೆ ಜೋರಾದರೆ ಮೂರನೇ ಸಾಲಿಗೇ ಏನೂ ಕೇಳದು. ಸ್ಪೀಕರನ್ನು ವಾಚಕರ ಬೆನ್ನಿಗಿಟ್ಟರೆ ಕುಂಯ್‌ಗುಡುತ್ತದೆ, ಮುಂದೆ ಸಭೆಯ ಕಡೆಗೆ ತಿರುಗಿಸಿಡಿ. ಕರೆಂಟು ಹೋಗುವುದು ಗ್ಯಾರಂಟಿ, ವ್ಯಾಸಪೀಠದ ಬಳಿ ಬ್ಯಾಟರಿ ದೀಪ ಇರಲಿ. ಕಾಲುದೀಪದ ಬೆಳಕಿಗೆ ಸಣ್ಣಕ್ಷರ ಕಾಣದು. ದಕ್ಷಿಣೆ ಇಂತಿಷ್ಟೆಂದು ಕೇಳುವುದಿಲ್ಲ. ವಾಚನ ಜಾಸ್ತಿ, ಪ್ರವಚನ ಕಡಿಮೆ ಇರಲಿ ಎಂದು ಮೊದಲೇ ಹೇಳಿಬಿಡಿ, ಬೇಸರ ಮಾಡಿಕೊಳ್ಳುವವರಲ್ಲ.