ಥೈರಾಯ್ಡ್ ಟೆಸ್ಟ್: ಎರಡು ಲ್ಯಾಬ್, ಒಂದು ಕಲೆಕ್ಷನ್ ಸೆಂಟರ್

ಮೂರು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದೇನೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಥೈರಾಕ್ಸಿನ್ ಕಮ್ಮಿಯಾದರೆ ಇದು ಏರುತ್ತದೆ. ನನ್ನದು ಯಾವಾಗಲೂ ರೇಂಜ್ ಒಳಗೇ ಇತ್ತು. ಹೋದ ಸಲ ಮಾಮೂಲಿ ಲ್ಯಾಬ್ ಬಿಟ್ಟು ಬೇರೆ ಕಡೆ ರಕ್ತ ಕೊಟ್ಟೆ. 4.58 ಬಂತು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಚ್’, ಅಂದರೆ ಹೈ.

‘75ಕ್ಕೆ ಏರಿಸ್ಬೇಕಾಗುತ್ತೆ ಅತ್ತಿಗೆ’ ಅಂದಳು ನಾದಿನಿ. ಅವಳೂ ಇದೇ ಮಾತ್ರೆ ತಗೊಳ್ಳುವವಳು. ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ಹಳೇ ರಿಪೋರ್ಟ್ ತೆಗೆದು ಹೊಸದರ ಪಕ್ಕ ಇಟ್ಟೆ. ರೇಂಜೇ ಬೇರೆ! ಹೊಸದರಲ್ಲಿ 0.27ರಿಂದ 4.20. ಹಳೆಯದರಲ್ಲಿ 0.35ರಿಂದ 4.94.

ನೋಡೇಬಿಡೋಣ ಅಂತ ಮುಂದಿನ ವಾರ ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಮಾತ್ರೆ ನುಂಗದೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. 8 ಗಂಟೆಗೆ ಹೊಸ ಲ್ಯಾಬಿಗೆ ಎಡಗೈ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಹಳೇ ಲ್ಯಾಬಿಗೆ ಬಲಗೈ.

ಹೊಸ ಲ್ಯಾಬಿನ ಟಿಎಸ್‌ಎಚ್ 4.61, ಮತ್ತೆ ‘ಎಚ್’. ಹಳೇ ಲ್ಯಾಬಿನಲ್ಲಿ 3.87, ನಾರ್ಮಲ್. ಅರ್ಧ ಗಂಟೆಯಲ್ಲಿ ನನ್ನ ಥೈರಾಯ್ಡ್ ಸರಿಹೋಯಿತಾ? ಇಲ್ಲ. ರಿಪೋರ್ಟಿನಲ್ಲಿ ಟೆಸ್ಟ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಮೆಥಡ್’ ಅಂತ ಒಂದು ಸಾಲು ಇರುತ್ತದೆ. ಹೊಸದರಲ್ಲಿ ಇಸಿಎಲ್‌ಐಎ, ಹಳೆಯದರಲ್ಲಿ ಸಿಎಂಐಎ. ಮೊದಲನೆಯದು ರೋಶ್ ಕಂಪನಿಯ ಮೆಷಿನ್, ಎರಡನೆಯದು ಅಬಾಟ್ ಕಂಪನಿಯದು. ಹಾರ್ಮೋನನ್ನು ಹಿಡಿಯುವ ಆ್ಯಂಟಿಬಾಡಿ ಒಂದೊಂದು ಕಂಪನಿಯದು ಒಂದೊಂದು ಥರ. ಹಾಗಾಗಿ ಅದೇ ರಕ್ತಕ್ಕೆ ನಂಬರ್ ಸ್ವಲ್ಪ ಆಚೀಚೆ ಬರುತ್ತದೆ. ರೇಂಜನ್ನೂ ಆಯಾ ಮೆಷಿನ್ನಿಗೆ ತಕ್ಕಂತೆ ಹಾಕಿರುತ್ತಾರೆ. ಒಂದು ಲ್ಯಾಬಿನ ನಂಬರನ್ನು ಇನ್ನೊಂದರ ರೇಂಜಿಗೆ ಹಿಡಿದು ನೋಡುವ ಹಾಗೇ ಇಲ್ಲ.

ಈ ರೇಂಜ್ ಹುಟ್ಟುವುದು ಹೇಗೆ ಅಂತಲೂ ತಿಳಿದುಕೊಂಡೆ. ಆರೋಗ್ಯವಾಗಿರುವ ತುಂಬಾ ಜನರ ರಕ್ತ ಪರೀಕ್ಷೆ ಮಾಡಿ, ಮಧ್ಯದ 95 ಭಾಗವನ್ನು ಇಟ್ಟುಕೊಂಡು ಎರಡು ತುದಿ ಬಿಡುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ 100 ಜನರಲ್ಲಿ ಸುಮಾರು 5 ಜನ ರೇಂಜಿನಿಂದ ಹೊರಗೇ ಬೀಳುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಎರಡು ರಾತ್ರಿ ಆರಾಮಾಗಿ ಮಲಗುತ್ತಿದ್ದೆ. (ಬಸುರಿಯರ ರೇಂಜ್ ಪೂರ್ತಿ ಬೇರೆ. ಅದಕ್ಕೆ ಈ ಲೆಕ್ಕ ಹಿಡಿಯಬೇಡಿ.)

ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್, ಎರಡರಲ್ಲೂ ನಾರ್ಮಲ್. ಹೊಸದರಲ್ಲಿ 1.12, ರೇಂಜ್ 0.93ರಿಂದ 1.7. ಹಳೆಯದರಲ್ಲಿ 0.98, ರೇಂಜ್ 0.70ರಿಂದ 1.48. ಈ 0.98 ಹೊಸ ಲ್ಯಾಬಿನ ರೇಂಜಿನಲ್ಲಿ ಅಂಚಿಗೆ ಬಂದು ನಿಲ್ಲುತ್ತದೆ, ಹಳೆಯದರಲ್ಲಿ ಒಳಗೆ ಆರಾಮಾಗಿದೆ.

ಮೂರನೆಯದು ನಮ್ಮೂರಿನ ಕಲೆಕ್ಷನ್ ಸೆಂಟರ್. ಇಲ್ಲಿ ತೆಗೆದ ರಕ್ತವನ್ನು ದೊಡ್ಡ ಊರಿಗೆ ಕಳಿಸುತ್ತಾರೆ. ಹತ್ತು ದಿನ ಬಿಟ್ಟು, ಬೇಕಂತಲೇ ಬೆಳಿಗ್ಗೆ 6ಕ್ಕೆ ಮಾತ್ರೆ ನುಂಗಿ, 11 ಗಂಟೆಗೆ ಹೋದೆ. ಫ್ರೀ ಟಿ4 ಎಷ್ಟು ಗೊತ್ತಾ? 17.4! ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಯೂನಿಟ್ ನೋಡಿದೆ. ಉಳಿದೆರಡು ಲ್ಯಾಬಿನಲ್ಲಿ ನ್ಯಾನೋಗ್ರಾಂ, ಇಲ್ಲಿ ಪಿಕೋಮೋಲ್. 12.87ರಿಂದ ಭಾಗಿಸಿದರೆ 1.35. ಅಲ್ಲಿನ ರೇಂಜೂ 12ರಿಂದ 22 ಇತ್ತು. ಮೆಥಡ್ ಹೊಸ ಲ್ಯಾಬಿನದ್ದೇ. ಹಾಗಿದ್ದರೂ 1.12 ಇದ್ದದ್ದು 1.35 ಆಗಿದ್ದು ಮಾತ್ರೆಯಿಂದ. ನುಂಗಿದ ಮೇಲೆ ಕೆಲವು ಗಂಟೆ ಟಿ4 ಏರಿರುತ್ತದೆ. ಟಿಎಸ್‌ಎಚ್ 3.9 ಇತ್ತು. ಅದು ರಾತ್ರಿ ಜಾಸ್ತಿ ಇದ್ದು ಹಗಲು ಏರಿದಂತೆ ಇಳಿಯುವ ಹಾರ್ಮೋನು. ಅದೇ ಮೆಥಡ್, ಅದೇ 4.20ರ ಗೆರೆ, ಆದರೆ ಈ ಸಲ ‘ಎಚ್’ ಇಲ್ಲ!

ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುವವರು ಇದೊಂದನ್ನು ನೆನಪಿಡಿ. ಕೆಲವು ಮೆಷಿನ್ನುಗಳಲ್ಲಿ ಅದರಿಂದ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತದೆ. ಟೆಸ್ಟಿಗೆ ಎರಡು ದಿನ ಮೊದಲೇ ನಿಲ್ಲಿಸಬೇಕು. ನನ್ನ ನಾದಿನಿಗೆ ಇದು ಗೊತ್ತೇ ಇರಲಿಲ್ಲ.

ಹೊಸ ಲ್ಯಾಬಿನದು ಸಂಜೆಯೊಳಗೆ ವಾಟ್ಸಾಪಿಗೆ ಬರುತ್ತದೆ, ಕಲೆಕ್ಷನ್ ಸೆಂಟರ್ ಮನೆ ಹತ್ತಿರ. ಆದರೂ ನಾನು ಹಳೇ ಲ್ಯಾಬನ್ನೇ ಇಟ್ಟುಕೊಂಡೆ. ಮೂರು ವರ್ಷದ ನಂಬರ್ ಅಲ್ಲೇ ಇದೆ, ಒಂದೇ ಮೆಥಡ್, ಒಂದೇ ರೇಂಜ್. ಏರಿತಾ ಇಳೀತಾ ಅಂತ ತಿಳಿಯೋದು ಅದರಿಂದಲೇ ಅಲ್ವಾ?

ಡಾಕ್ಟರ ಮುಂದೆ ಎಲ್ಲಾ ರಿಪೋರ್ಟ್ ಹರಡಿದೆ. ಹಳೇ ಲ್ಯಾಬಿನವನ್ನು ಸಾಲಾಗಿ ಜೋಡಿಸಿ ನೋಡಿದರು. ಸುಸ್ತು, ತೂಕ, ಮುಟ್ಟು ಎಲ್ಲಾ ವಿಚಾರಿಸಿದರು. ಡೋಸ್ 50ರಲ್ಲೇ ಉಳಿಯಿತು. ಈಗ ಪ್ರತಿ ರಿಪೋರ್ಟಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ: ಎಷ್ಟು ಗಂಟೆಗೆ, ಮಾತ್ರೆಗೆ ಮೊದಲಾ ಆಮೇಲಾ.