ಸಣ್ಣ ಬೈಕಿನಿಂದ ಮೇಲಕ್ಕೆ: ಕ್ಲಾಸಿಕ್ 350, ಸ್ಪೀಡ್ 400, ಇಂಟರ್‌ಸೆಪ್ಟರ್ 650

150 ಸಿಸಿ ಬೈಕನ್ನು ಕೆಲವು ವರ್ಷ ಓಡಿಸಿ ಅದರ ಮಿತಿಯನ್ನು ಚೆನ್ನಾಗಿ ಅರಿತವರು ದೊಡ್ಡ ಬೈಕಿನ ಯೋಚನೆಗೆ ಬಿದ್ದಾಗ ಮೊದಲು ಕೇಳುವುದು ಸಿಸಿ ಎಷ್ಟು, ಅಶ್ವಶಕ್ತಿ ಎಷ್ಟು ಎಂಬ ಎರಡೇ ಪ್ರಶ್ನೆಗಳನ್ನು. ಬೈಕು ಕೈಗೆ ಬಂದ ಮೇಲೆ ದಿನವೂ ಅನುಭವಕ್ಕೆ ಬರುವ ಸಂಗತಿಗಳೇ ಬೇರೆ. ಗಾಡಿ ನಿಂತಾಗ ಮತ್ತು ನಡಿಗೆಯ ವೇಗದಲ್ಲಿ ಸಾಗುವಾಗ ಕಾಲಿಗೂ ತೋಳಿಗೂ ತಿಳಿಯುವ ತೂಕ ಒಂದು. ನಾವು ಹೆಚ್ಚಾಗಿ ಬಳಸುವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಎಂಜಿನ್ ಕೊಡುವ ಎಳೆತ ಇನ್ನೊಂದು. ಮಧ್ಯಮ ಗಾತ್ರದ ವರ್ಗದಲ್ಲಿ ಮೂರು ಬೇರೆ ಬೇರೆ ಸ್ವಭಾವಗಳನ್ನು ಪ್ರತಿನಿಧಿಸುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಟ್ರಯಂಫ್ ಸ್ಪೀಡ್ 400 ಮತ್ತು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕುಗಳನ್ನು ಈ ಎರಡು ಅಳತೆಗಳ ಮೇಲೆಯೇ ಇಲ್ಲಿ ತೂಗಿ ನೋಡಿದ್ದೇನೆ. ಎಲ್ಲಿಂದ ಮೇಲೇರುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ ಎಂದು, ಸುಮಾರು 135 ಕಿಲೋ ತೂಗುವ, 12.4 ಅಶ್ವಶಕ್ತಿ ಮತ್ತು 13.3 ನ್ಯೂಟನ್ ಮೀಟರ್ ಟಾರ್ಕ್ (ಎಳೆತವಾಗಿ ಅನುಭವಕ್ಕೆ ಬರುವ ತಿರುಗು ಬಲ) ಕೊಡುವ 149 ಸಿಸಿಯ ಯಮಾಹಾ ಎಫ್‌ಝಡ್ ಅನ್ನು ಹೋಲಿಕೆಗೆ ಇಟ್ಟುಕೊಂಡಿದ್ದೇನೆ.

ಮೊದಲು ಕ್ಲಾಸಿಕ್ 350. ಇದರ 349 ಸಿಸಿ ಎಂಜಿನ್ 6100 ಆರ್‌ಪಿಎಂನಲ್ಲಿ ಸುಮಾರು 20 ಅಶ್ವಶಕ್ತಿಯನ್ನೂ 4000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಗಾಡಿಯ ತೂಕ 195 ಕಿಲೋ. ಸಿಸಿ ಎರಡು ಪಟ್ಟಿಗಿಂತ ಹೆಚ್ಚಾದರೂ, 75 ಕಿಲೋ ತೂಗುವ ಸವಾರನನ್ನು ಸೇರಿಸಿ ಲೆಕ್ಕ ಹಾಕಿದರೆ ಪ್ರತಿ ನೂರು ಕಿಲೋಗೆ ಸಿಗುವ ಶಕ್ತಿ ಎಫ್‌ಝಡ್‌ನಲ್ಲಿ ಸುಮಾರು 6 ಅಶ್ವಶಕ್ತಿಯಾದರೆ ಇಲ್ಲಿ ಏಳೂವರೆ ಮಾತ್ರ. ಈ ಅಂಕಿಯನ್ನಷ್ಟೇ ನೋಡಿದವರು, ಇಷ್ಟಕ್ಕಾಗಿ ಬೈಕು ಬದಲಿಸಬೇಕೇ ಎಂದು ಕೇಳುವುದು ಸಹಜ. ಆದರೆ 4000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಎಂದರೆ ಆ ಹೊತ್ತಿಗೇ ಎಂಜಿನ್ ಸುಮಾರು 15 ಅಶ್ವಶಕ್ತಿ ಕೊಡುತ್ತಿದೆ ಎಂದರ್ಥ. ಎಫ್‌ಝಡ್ ತನ್ನ ಪೂರ್ತಿ ಶಕ್ತಿ ತೋರಿಸಲು 7250 ಆರ್‌ಪಿಎಂವರೆಗೆ ಹೋಗಬೇಕು, ಅಲ್ಲಿಯೂ ಸಿಗುವುದು ಹನ್ನೆರಡೂವರೆಗಿಂತ ಕಡಿಮೆ. ಸಣ್ಣ ಬೈಕಿನಲ್ಲಿ ಏರು ಬಂತೆಂದರೆ ಗೇರು ಇಳಿಸಿ ಎಂಜಿನ್ನನ್ನು ಚೀರಾಡಿಸಬೇಕಾದ ಕಡೆ, ಇದು ಅದೇ ಗೇರಿನಲ್ಲಿ ಉಸಿರು ಕಟ್ಟದೆ ಹತ್ತುತ್ತದೆ. ಕ್ಲಾಸಿಕ್ ಓಡಿಸಿದವರು ಅದರ ಪಿಕಪ್ ಬಗ್ಗೆ ಹೇಳುವುದಕ್ಕೂ ಅಂಕಿಗಳ ಪಟ್ಟಿ ಹೇಳುವುದಕ್ಕೂ ತಾಳೆಯಾಗದಿರುವ ಕಾರಣ ಇದೇ.

ಆದರೆ ಈ ಸುಖಕ್ಕೊಂದು ಗಡಿಯಿದೆ. ಗಂಟೆಗೆ 80ರಿಂದ 90 ಕಿಲೋಮೀಟರ್‌ವರೆಗೆ ಕ್ಲಾಸಿಕ್ ನಿರಾಳವಾಗಿ ಸಾಗುತ್ತದೆ. ನೂರರ ಆಚೆ ಹೋದರೆ ಎಂಜಿನ್ನಿನ ಬಳಿ ಉಳಿಕೆ ಶಕ್ತಿ ಇಲ್ಲದಿರುವುದು ಓವರ್‌ಟೇಕ್ ಮಾಡುವಾಗ ಮೊದಲು ಗೊತ್ತಾಗುತ್ತದೆ. ಎದುರಿನ ಲಾರಿಯ ಪಕ್ಕಕ್ಕೆ ಬಂದು, ಆಕ್ಸಿಲರೇಟರ್ ಇನ್ನೂ ತಿರುಚಿದರೂ ವೇಗ ಏರದೆ ಲಾರಿಯ ಜೊತೆಜೊತೆಗೇ ಓಡುವ ಆ ಕ್ಷಣಗಳಿಂದ ಪಾರಾಗಲೆಂದೇ ದೊಡ್ಡ ಬೈಕು ಹುಡುಕುತ್ತಿರುವವರಿಗೆ 350 ಉತ್ತರವಲ್ಲ. ಹೆದ್ದಾರಿಯ ಗೊಡವೆ ಇಲ್ಲದೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಾವಧಾನವಾಗಿ ಹೋಗುವವರಿಗೆ ಇದರ ಅಗಲವಾದ ಸೀಟು ಮತ್ತು ನೆಟ್ಟಗೆ ಕೂರುವ ಭಂಗಿ ಸಾಕಷ್ಟು ಹಿತ ಕೊಡುತ್ತವೆ. ಇದೇ ಸ್ವಭಾವ ಬೇಕು, ತೂಕ ಮಾತ್ರ ಕಡಿಮೆಯಿರಲಿ ಎನ್ನುವವರು 181 ಕಿಲೋ ತೂಗುವ, 3000 ಆರ್‌ಪಿಎಂನಲ್ಲೇ 30 ನ್ಯೂಟನ್ ಮೀಟರ್ ಕೊಡುವ ಹೋಂಡಾ ಹೈನೆಸ್ ಸಿಬಿ350 ಅನ್ನು ನೋಡಬಹುದು.

ಸ್ಪೀಡ್ 400ರ ಲೆಕ್ಕವೇ ಬೇರೆ. 2023ರಲ್ಲಿ ಬಂದ ಈ ಬೈಕಿನ 398 ಸಿಸಿ ಎಂಜಿನ್ 8000 ಆರ್‌ಪಿಎಂನಲ್ಲಿ 40 ಅಶ್ವಶಕ್ತಿ, 6500 ಆರ್‌ಪಿಎಂನಲ್ಲಿ 37.5 ನ್ಯೂಟನ್ ಮೀಟರ್ ಕೊಡುತ್ತದೆ. ತೂಕ ಸುಮಾರು 176 ಕಿಲೋ. ಸಿಸಿಯಲ್ಲಿ ಕ್ಲಾಸಿಕ್‌ಗಿಂತ ಐವತ್ತರಷ್ಟು ಮಾತ್ರ ಹೆಚ್ಚು, ಶಕ್ತಿಯಲ್ಲಿ ಎರಡು ಪಟ್ಟು, ತೂಕದಲ್ಲಿ ಹತ್ತೊಂಬತ್ತು ಕಿಲೋ ಕಡಿಮೆ. ಒಂದೇ ಸಿಲಿಂಡರಿನಿಂದ ಇಷ್ಟು ಶಕ್ತಿ ತೆಗೆಯಲು ಸಾಧ್ಯವಾಗಿರುವುದು ನೀರಿನಿಂದ ತಂಪಾಗುವ ವ್ಯವಸ್ಥೆ, ನಾಲ್ಕು ವಾಲ್ವುಗಳು ಮತ್ತು ಹೆಚ್ಚಿನ ಆರ್‌ಪಿಎಂ ತಾಳುವ ರಚನೆಯಿಂದ. ಸವಾರನನ್ನು ಸೇರಿಸಿಕೊಂಡರೆ ಪ್ರತಿ ನೂರು ಕಿಲೋಗೆ ಸುಮಾರು 16 ಅಶ್ವಶಕ್ತಿ ಬೀಳುತ್ತದೆ. ವಿಶೇಷವೆಂದರೆ, 47 ಅಶ್ವಶಕ್ತಿಯ ಇಂಟರ್‌ಸೆಪ್ಟರ್ 650ರಲ್ಲಿಯೂ ಈ ಅನುಪಾತ ಹೆಚ್ಚುಕಡಿಮೆ ಇಷ್ಟೇ, ಏಕೆಂದರೆ ಹೆಚ್ಚುವರಿ ಏಳು ಅಶ್ವಶಕ್ತಿಯನ್ನು ಅದರ 218 ಕಿಲೋ ತೂಕವೇ ನುಂಗಿಬಿಡುತ್ತದೆ.

ಹಾಗೆಂದು ಎರಡೂ ಒಂದೇ ಬಗೆಯಲ್ಲಿ ಓಡುತ್ತವೆ ಎಂದುಕೊಳ್ಳಬಾರದು. ಇಂಟರ್‌ಸೆಪ್ಟರ್‌ನ 648 ಸಿಸಿಯ ಜೋಡಿ ಸಿಲಿಂಡರ್ ಎಂಜಿನ್ 52 ನ್ಯೂಟನ್ ಮೀಟರ್ ಕೊಡುತ್ತದೆ, ಮತ್ತು ತಯಾರಕರ ಹೇಳಿಕೆಯ ಪ್ರಕಾರ ಅದರ ಶೇಕಡ 80ರಷ್ಟು 2500 ಆರ್‌ಪಿಎಂನಲ್ಲೇ ಲಭ್ಯ. ಶೇಕಡ 80 ಎಂದರೆ 41 ನ್ಯೂಟನ್ ಮೀಟರ್‌ಗಿಂತ ಹೆಚ್ಚು. ಸ್ಪೀಡ್ 400 ತನ್ನ ಪೂರ್ತಿ ಬಲ ಹಾಕಿದರೂ ಆ ಅಂಕಿ ಮುಟ್ಟುವುದಿಲ್ಲ. ಆದ್ದರಿಂದ ಐದನೆಯ ಅಥವಾ ಆರನೆಯ ಗೇರಿನಲ್ಲಿ ನಿಧಾನವಾಗಿ ಸಾಗುತ್ತಿರುವಾಗ ಆಕ್ಸಿಲರೇಟರ್ ಕೊಟ್ಟರೆ 650 ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ, 400 ಮಾತ್ರ ಒಂದೆರಡು ಗೇರು ಇಳಿಸುವಂತೆ ಕೇಳುತ್ತದೆ. ಇಂಟರ್‌ಸೆಪ್ಟರ್‌ನ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳ ಚಲನೆಯನ್ನು ತಿರುಗುವ ಚಲನೆಯಾಗಿಸುವ ದಂಡ, 270 ಡಿಗ್ರಿಯ ವಿನ್ಯಾಸದ್ದು. ಎರಡು ಸಿಲಿಂಡರುಗಳು ಸಮಾನ ಅಂತರದಲ್ಲಿ ಉರಿಯದೆ 270 ಮತ್ತು 450 ಡಿಗ್ರಿಗಳ ಏರುಪೇರಿನ ಅಂತರದಲ್ಲಿ ಉರಿಯುವುದರಿಂದ ಅದಕ್ಕೊಂದು ಗುಡುಗುವ ಲಯ ಸಿಗುತ್ತದೆ, ಆದರೂ ನಡುಕ ತಗ್ಗಿಸುವ ಬ್ಯಾಲೆನ್ಸರ್ ಇರುವ ಕಾರಣ ಹ್ಯಾಂಡಲ್ಲಿಗೆ ಬರುವ ನಡುಕ ಅಲ್ಪ. ಹೆದ್ದಾರಿಯ ವೇಗದಲ್ಲಿ ಕನ್ನಡಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಜೋಡಿ ಸಿಲಿಂಡರಿನ ಬೈಕಿನಲ್ಲಿ ಹಿಂದಿನ ವಾಹನದ ದೀಪ ದೀಪವಾಗಿಯೇ ಕಾಣುತ್ತದೆ, ಒಂಟಿ ಸಿಲಿಂಡರಿನದರಲ್ಲಿ ಆರ್‌ಪಿಎಂ ಏರಿದಂತೆ ಅದು ಅಂಚು ಕದಡಿದ ಬೆಳಕಾಗುತ್ತದೆ. ಮೂರು ನಾಲ್ಕು ಗಂಟೆ ಎಡೆಬಿಡದೆ ಓಡಿಸಿದರೆ ಆ ನಡುಕವೇ ಅಂಗೈಯ ಜೋಮಾಗಿ ಪರಿಣಮಿಸುತ್ತದೆ.

ಇನ್ನು ತೂಕ. ಸಣ್ಣ ಬೈಕಿನವರು ಹೆಚ್ಚು ಕಡೆಗಣಿಸುವುದೂ, ನನ್ನ ದೃಷ್ಟಿಯಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದೂ ಇದೇ. ಬೈಕು ಓಡುತ್ತಿರುವಾಗ 218 ಕಿಲೋ ಭಾರವೆನಿಸುವುದಿಲ್ಲ. ಚಕ್ರಗಳು ತಿರುಗುತ್ತಿರುವವರೆಗೆ ಅವೇ ಗಾಡಿಯನ್ನು ನೆಟ್ಟಗೆ ಹಿಡಿದಿರುತ್ತವೆ. ತೊಂದರೆ ಬರುವುದು ಗಂಟೆಗೆ ಐದು ಕಿಲೋಮೀಟರಿನ ಕೆಳಗೆ. ಜಲ್ಲಿ ಹಾಸಿದ ಜಾಗದಲ್ಲಿ ಹಿಂದಕ್ಕೆ ತಳ್ಳುವಾಗ, ಇಳಿಜಾರಿನತ್ತ ಮೂತಿ ಮಾಡಿ ನಿಲ್ಲಿಸಿದ್ದನ್ನು ಹೊರತೆಗೆಯುವಾಗ, ಇಕ್ಕಟ್ಟಾದ ಕಡೆ ಯು-ಟರ್ನ್ ತೆಗೆದುಕೊಳ್ಳುವಾಗ ಪ್ರತಿ ಕಿಲೋವೂ ಲೆಕ್ಕಕ್ಕೆ ಬರುತ್ತದೆ. 135 ಕಿಲೋದ ಬೈಕು ವಾಲಿದರೆ ಒಂದು ಕಾಲು ಊರಿ ತಡೆಯಬಹುದು. ಎರಡು ನೂರು ಕಿಲೋ ದಾಟಿದ್ದು ಒಂದು ಕೋನ ಮೀರಿ ವಾಲಿತೆಂದರೆ ತಡೆಯಲು ಹೋಗದೆ ಬಿಟ್ಟುಬಿಡುವುದೇ ಮಂಡಿಗೂ ಸೊಂಟಕ್ಕೂ ಒಳ್ಳೆಯದು. ಬಿದ್ದ ಬೈಕನ್ನು ಎತ್ತಲು ಒಂದು ಕ್ರಮವಿದೆ: ಎಂಜಿನ್ ಆರಿಸಿ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟು, ಹಿಂದಕ್ಕೂ ಮುಂದಕ್ಕೂ ಉರುಳದಂತೆ ಗೇರಿಗೆ ಹಾಕಿ, ಹ್ಯಾಂಡಲ್ಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಚೌಕಟ್ಟಿನ ಗಟ್ಟಿ ಭಾಗ ಹಿಡಿದು, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. ದೊಡ್ಡ ಬೈಕು ಕೊಳ್ಳುವವರು ಇದನ್ನು ಬೀಳುವ ಮೊದಲೇ ತಿಳಿದಿರುವುದು ಒಳಿತು.

ಸೀಟಿನ ಎತ್ತರದ ಅಂಕಿಯೂ ಅರ್ಧ ಸತ್ಯವನ್ನೇ ಹೇಳುತ್ತದೆ. ಸ್ಪೀಡ್ 400ರದು 790 ಮಿಲಿಮೀಟರ್, ಉಳಿದೆರಡರದು 805ರ ಆಸುಪಾಸು. ಹದಿನೈದು ಮಿಲಿಮೀಟರಿನ ಅಂತರ ದೊಡ್ಡದಲ್ಲ, ಆದರೆ ಸೀಟು ತೊಡೆಯ ಬಳಿ ಅಗಲವಾಗಿದ್ದರೆ ಕಾಲು ಹೊರಕ್ಕೆ ಚಾಚಿ ಪಾದ ನೆಲಕ್ಕೆ ಮುಟ್ಟುವ ಉದ್ದ ಕಡಿಮೆಯಾಗುತ್ತದೆ. ಮುಂಭಾಗ ಕಿರಿದಾಗಿರುವ ಬೈಕಿನಲ್ಲಿ 800 ಮಿಲಿಮೀಟರ್ ಎತ್ತರವಿದ್ದರೂ ಅಂಗಾಲು ಪೂರ್ತಿ ಊರಬಹುದು. ಅದನ್ನು ಮನೆಯಲ್ಲಿ ಬಳಸುವ ಚಪ್ಪಲಿಯಲ್ಲಿ ಅಲ್ಲ, ಸವಾರಿಗೆ ಹಾಕುವ ಬೂಟಿನಲ್ಲೇ ಪರೀಕ್ಷಿಸಬೇಕು.

ಟೆಸ್ಟ್ ರೈಡ್ ಬಗ್ಗೆ ಒಂದು ಮಾತು. ಶೋರೂಮಿನಿಂದ ಹೊರಟು ಖಾಲಿ ರಸ್ತೆಯಲ್ಲಿ ಒಮ್ಮೆ ಜೋರಾಗಿ ಓಡಿಸಿ ಮರಳುವುದರಿಂದ ತಿಳಿಯುವುದು ಹೆಚ್ಚೇನಿಲ್ಲ. ಸಣ್ಣ ಬೈಕಿನಿಂದ ಬಂದವರಿಗೆ ಈ ಮೂರರಲ್ಲಿ ಯಾವುದಾದರೂ ವೇಗವಾಗಿಯೇ ಕಾಣುತ್ತದೆ. ಬದಲಿಗೆ ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ನಡಿಗೆಯ ವೇಗದಲ್ಲಿ ಎರಡು ಕಡೆಗೂ ಪೂರ್ತಿ ತಿರುವು ತೆಗೆದುಕೊಂಡು ನೋಡಬೇಕು; ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಮತ್ತೆ ತೆರೆದಾಗ ಗಾಡಿ ಜಗ್ಗುತ್ತದೆಯೇ ಎಂದು ಗಮನಿಸಬೇಕು; ಹಿಂದೆ ಕೂರುವವರನ್ನು ಕರೆದೊಯ್ದು ಅವರ ಅಭಿಪ್ರಾಯವನ್ನೂ ಕೇಳಬೇಕು. ಸ್ಪೀಡ್ 400ರ ಹಿಂದಿನ ಸೀಟು ಚಿಕ್ಕದು, ದೂರದ ದಾರಿಗೆ ಹಿಂಬದಿ ಸವಾರರು ಒಪ್ಪುವ ಜಾಗ ಅದಲ್ಲ. ಹಾಗೆಯೇ ವಾಹನಗಳ ಸಾಲಿನಲ್ಲಿ ಕೆಲವು ನಿಮಿಷ ನಿಂತು ನೋಡುವುದು ಅಗತ್ಯ: ನೀರಿನ ತಂಪು ವ್ಯವಸ್ಥೆಯ ಎಂಜಿನ್ ಬಿಸಿಯಾಗಿ ಫ್ಯಾನು ಶುರುವಾದಾಗ ಆ ಬಿಸಿಗಾಳಿ ಮೊಣಕಾಲಿನ ಕೆಳಗೆ ಎಲ್ಲಿಗೆ ಬಡಿಯುತ್ತದೆ ಎಂಬುದು ನಿಂತಾಗಲೇ ಗೊತ್ತಾಗುವ ಸಂಗತಿ.

ಬ್ರೇಕಿನ ವಿಷಯದಲ್ಲಿ ಚರ್ಚೆಗೆ ಹೆಚ್ಚು ಅವಕಾಶವಿಲ್ಲ. ಎರಡೂ ಚಕ್ರಕ್ಕೆ ಎಬಿಎಸ್ (ಬ್ರೇಕ್ ಗಟ್ಟಿಯಾಗಿ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರಲೇಬೇಕು, ಏಕೆಂದರೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಇರುವ ಸಣ್ಣ ಬೈಕಿನಲ್ಲಿ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ತುಳಿಯುವ ಅಭ್ಯಾಸವಿದ್ದವರಿಗೆ ಹೆಚ್ಚಿನ ತೂಕ ಮತ್ತು ವೇಗದಲ್ಲಿ ಅದೇ ಅಭ್ಯಾಸ ಅಪಾಯಕಾರಿ. ಸ್ಪೀಡ್ 400ರಲ್ಲಿ ಆಕ್ಸಿಲರೇಟರ್ ಹೆಚ್ಚು ಕೊಟ್ಟಾಗ ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇದೆ. ಒದ್ದೆ ರಸ್ತೆಯಲ್ಲಿ, 40 ಅಶ್ವಶಕ್ತಿಗೆ ಇನ್ನೂ ಒಗ್ಗದ ಕೈಗಳಿಗೆ, ಅದೊಂದು ನಿಜವಾದ ಅನುಕೂಲ.

ನಿರ್ವಹಣೆಯಲ್ಲಿ ಮೂರಕ್ಕೂ ಒಂದೊಂದು ಕಿರಿಕಿರಿ ಉಂಟು. ಸ್ಪೀಡ್ 400ರ ಸರ್ವಿಸ್ ಅಂತರ 16,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂಬುದು ಮೆಚ್ಚಬೇಕಾದ ಸಂಗತಿಯೇ, ಆದರೆ ಅದಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಚೈನಿಗೆ ಎಣ್ಣೆ ಹಾಕಬೇಕೆಂದರೆ ಹಿಂದಿನ ಚಕ್ರ ಎತ್ತಲು ಪ್ಯಾಡಕ್ ಸ್ಟ್ಯಾಂಡ್ ಬೇಕು, ಇಲ್ಲವೇ ಗಾಡಿಯನ್ನು ಗೇಣು ಗೇಣು ಮುಂದಕ್ಕೆ ತಳ್ಳುತ್ತಾ ಚೈನಿನ ಒಂದೊಂದು ಭಾಗಕ್ಕೆ ಹಾಕಬೇಕು. ಕ್ಲಾಸಿಕ್ ಮತ್ತು ಇಂಟರ್‌ಸೆಪ್ಟರ್‌ಗಳ ಕಡ್ಡಿ ಚಕ್ರದ ಮಾದರಿಗಳಲ್ಲಿ ಟೈರಿನೊಳಗೆ ಟ್ಯೂಬು ಇರುತ್ತದೆ. ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕು, ಎರಡು ನೂರು ಕಿಲೋದ ಬೈಕಿನಲ್ಲಿ ದಾರಿಬದಿಯಲ್ಲಿ ಆ ಕೆಲಸ ಸುಲಭವಲ್ಲ. ಅಲಾಯ್ ಚಕ್ರದ ಮಾದರಿಗಳು ಟ್ಯೂಬ್‌ಲೆಸ್ ಆಗಿರುವುದರಿಂದ, ಅಂದಕ್ಕೆ ಸ್ವಲ್ಪ ಕುಂದಾದರೂ ಅವನ್ನೇ ಆರಿಸಿಕೊಳ್ಳುವುದು ಲೇಸು. ಇಂಧನದ ಮಾತು ಬೇಗ ಮುಗಿಯುತ್ತದೆ: ಮೂರರ ಟ್ಯಾಂಕೂ ಹದಿಮೂರು ಲೀಟರಿನ ಆಸುಪಾಸಿನದೇ, ಮೈಲೇಜಿನಲ್ಲಿ ಕ್ಲಾಸಿಕ್ ಮುಂದೆ, ಇಂಟರ್‌ಸೆಪ್ಟರ್ ಹಿಂದೆ, ಮತ್ತು ಸಣ್ಣ ಬೈಕಿನ ಮೈಲೇಜನ್ನು ಮೂರರಲ್ಲಿ ಯಾವುದರಿಂದಲೂ ನಿರೀಕ್ಷಿಸುವಂತಿಲ್ಲ.

ಹೊಸಬರ ಕೈಗೆ ಒಮ್ಮೆಗೇ ಎಷ್ಟು ಶಕ್ತಿ ಕೊಡಬಹುದು ಎಂಬ ಪ್ರಶ್ನೆಗೆ ಯುರೋಪಿನ ಪರವಾನಗಿ ನಿಯಮದಲ್ಲಿ ಒಂದು ಉತ್ತರವಿದೆ. ಅಲ್ಲಿನ ಎ2 ಎಂಬ ನಡುವಿನ ಹಂತದ ಪರವಾನಗಿ ಹೊಂದಿದವರು 35 ಕಿಲೋವ್ಯಾಟ್ ಮೀರದ, ಕಿಲೋ ಒಂದಕ್ಕೆ 0.2 ಕಿಲೋವ್ಯಾಟ್ ದಾಟದ ಬೈಕುಗಳನ್ನು ಮಾತ್ರ ಓಡಿಸಬಹುದು. 35 ಕಿಲೋವ್ಯಾಟ್ ಎಂದರೆ ಸುಮಾರು 47 ಅಶ್ವಶಕ್ತಿ. ಇಂಟರ್‌ಸೆಪ್ಟರ್ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ. 689 ಸಿಸಿಯ ಯಮಾಹಾ ಎಂಟಿ-07ರಂತಹ ಎಪ್ಪತ್ತು ಅಶ್ವಶಕ್ತಿ ದಾಟಿದ ಬೈಕಿಗೆ 150ರಿಂದ ನೇರವಾಗಿ ಜಿಗಿಯಲು ಹೊರಟವರಿಗೆ ಈ ಗೆರೆಯನ್ನು ನೆನಪಿಸುವುದು ತಪ್ಪಾಗಲಾರದು.

ಒಂದೇ ಬೈಕು ಇಟ್ಟುಕೊಂಡು ನಿತ್ಯದ ಓಡಾಟಕ್ಕೂ ಆಗಾಗ ದೂರದ ಪಯಣಕ್ಕೂ ಬಳಸುವ, ಹೆಚ್ಚಾಗಿ ಒಬ್ಬರೇ ಸಾಗುವ ಸವಾರರಿಗೆ ನನ್ನ ಶಿಫಾರಸು ಸ್ಪೀಡ್ 400. ಹಳೆಯ ಬೈಕಿಗಿಂತ ನಲವತ್ತು ಕಿಲೋ ಮಾತ್ರ ಹೆಚ್ಚು ಹೊತ್ತು ಮೂರು ಪಟ್ಟು ಶಕ್ತಿ ಪಡೆಯುವ ಈ ಹೆಜ್ಜೆಯನ್ನು ಕೆಲವೇ ವಾರಗಳಲ್ಲಿ ಕೈಗೆ ಒಗ್ಗಿಸಿಕೊಳ್ಳಬಹುದು. ಇಂಟರ್‌ಸೆಪ್ಟರ್ 650 ಮೂರರಲ್ಲಿ ಹೆಚ್ಚು ಖುಷಿ ಕೊಡುವ ಎಂಜಿನ್ ಹೊಂದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜೊತೆಗೊಬ್ಬರನ್ನು ಕೂರಿಸಿಕೊಂಡು ಮೇಲಿಂದ ಮೇಲೆ ಹೆದ್ದಾರಿ ಹಿಡಿಯುವವರು ಅದನ್ನೇ ಕೊಳ್ಳಲಿ, ಆದರೆ ಸಾಧ್ಯವಿದ್ದರೆ ಹಳೆಯ 150 ಅನ್ನು ಮಾರದಿರಲಿ. ಹಾಲು, ತರಕಾರಿ ತರಲು 218 ಕಿಲೋದ ಗಾಡಿಯನ್ನು ದಿನಕ್ಕೆರಡು ಬಾರಿ ಹೊರಗೆಳೆದು ಒಳತಳ್ಳುವ ಉತ್ಸಾಹ ಬಹಳ ಕಾಲ ಉಳಿಯುವುದಿಲ್ಲ.